ಮನೆಯಲ್ಲಿ ಉಳಿದ ಮತ

ಚುನಾವಣೆ ಮುಗಿದ ಮೇಲೆ ಗೆದ್ದವರಿಗೆ ಹಾರ, ಸೋತವರಿಗೆ ಸಮಾಧಾನದ ಮಾತು. ಇವರಿಬ್ಬರ ನಡುವೆ ಮೂರನೆಯವನೊಬ್ಬನಿರುತ್ತಾನೆ. ಅವನನ್ನು ಯಾರೂ ವಿಚಾರಿಸುವುದಿಲ್ಲ. ಮತಗಟ್ಟೆಗೆ ಹೋಗದೆ ಮನೆಯಲ್ಲುಳಿದ ಮಹನೀಯನೇ ಅವನು.

ಬೆಂಗಳೂರು ಕೇಂದ್ರ ಲೋಕಸಭಾ ಕ್ಷೇತ್ರದ 2024ರ ಕಥೆಯನ್ನೇ ನೋಡಿ. ದಂಡಿನ ಶಿವಾಜಿನಗರ, ಹಲಸೂರು, ಇಂದಿರಾನಗರ, ಪೂರ್ವದಂಚಿನ ಮಹದೇವಪುರ ಎಲ್ಲವೂ ಇದರೊಳಗೇ ಸೇರಿವೆ. 2009ರಿಂದ ಮೂರು ಬಾರಿ ಗೆದ್ದಿದ್ದ ಭಾರತೀಯ ಜನತಾ ಪಕ್ಷದ ಪಿ. ಸಿ. ಮೋಹನ್ ಅವರೆದುರು ಕಾಂಗ್ರೆಸ್ಸಿನ ಮನ್ಸೂರ್ ಅಲಿ ಖಾನ್ ನಿಂತಿದ್ದರು. ಜೂನ್ 4ರ ಎಣಿಕೆಯಲ್ಲಿ ಬಹು ಹೊತ್ತು ಮುಂದಿದ್ದವರು ಖಾನ್. ಶಿವಾಜಿನಗರ ಅವರ ಕೈ ಹಿಡಿದಿತ್ತು. ಆದರೆ ಮಹದೇವಪುರವೊಂದೇ ಮೋಹನ್ ಅವರಿಗೆ 1,14,046 ಮತಗಳ ಮುನ್ನಡೆಯನ್ನಿತ್ತು ತಕ್ಕಡಿಯನ್ನು ಬಾಗಿಸಿತು. 2014ರಲ್ಲಿ ಲಕ್ಷ ದಾಟಿದ್ದ ಗೆಲುವಿನ ಅಂತರ ಈ ಸಲ 32,707ಕ್ಕೆ ಇಳಿಯಿತು.

ಮಹದೇವಪುರದಲ್ಲಿ ಲಕ್ಷಕ್ಕೂ ಮಿಕ್ಕಿ ಅಕ್ರಮ ಮತಗಳಿದ್ದುವೆಂದು 2025ರ ಆಗಸ್ಟಿನಲ್ಲಿ ರಾಹುಲ್ ಗಾಂಧಿ ಆಪಾದಿಸಿದರು. ಚುನಾವಣಾ ಆಯೋಗ ಅದನ್ನು ತಳ್ಳಿಹಾಕಿತು. ಆ ವಾದ ದೊಡ್ಡವರದು. ನಮ್ಮ ನಿಮ್ಮ ಮನೆಗಳ ಲೆಕ್ಕ ಬೇರೆಯೇ ಇದೆ.

ಕ್ಷೇತ್ರದ ಮತದಾರರು ಸುಮಾರು 24 ಲಕ್ಷ. ಮತವಿತ್ತವರು ಸೇಕಡ 54ರಷ್ಟು ಮಾತ್ರ. ಉಳಿದ ಸುಮಾರು 11 ಲಕ್ಷ ಮಂದಿ ಗೆಲುವಿನ ಅಂತರಕ್ಕಿಂತ ಮೂವತ್ತು ಪಟ್ಟಿಗೂ ಹೆಚ್ಚು! ಮತದಾನದ ದಿನ, ಏಪ್ರಿಲ್ 26, ಶುಕ್ರವಾರವಾಗಿತ್ತು. ಅದರ ರಜೆಗೆ ಶನಿವಾರ, ಭಾನುವಾರ ಸೇರಿದರೆ ಪ್ರವಾಸಕ್ಕೆ ಮೂರು ದಿನ. ಊರಲ್ಲೇ ಇದ್ದವರಿಗೆ ಬಿಸಿಲಿನ ನೆಪ. ಎಲ್ಲಕ್ಕೂ ಮಿಗಿಲಾದ ಸಮರ್ಥನೆಯೊಂದು ಸದಾ ಸಿದ್ಧ: “ನನ್ನೊಬ್ಬನ ಮತದಿಂದ ಏನಾದೀತು?”

ಏನಾದೀತೆಂಬುದನ್ನು ಇದೇ ಕ್ಷೇತ್ರಕ್ಕೆ ಸೇರಿದ ಗಾಂಧಿನಗರ ಬಲ್ಲುದು. 2023ರಲ್ಲಿ ಅಲ್ಲಿನ ಶಾಸಕ ದಿನೇಶ್ ಗುಂಡೂರಾವ್ ತಮ್ಮ ಸ್ಥಾನವನ್ನು ಉಳಿಸಿಕೊಂಡದ್ದು ಕೇವಲ 105 ಮತಗಳಿಂದ. ಒಂದು ಬೀದಿಯ ಜನ ಮನಸ್ಸು ಮಾಡಿದ್ದರೆ ಫಲಿತಾಂಶವೇ ಬೇರೆಯಾಗಬಹುದಿತ್ತು.

ಒಂದು ಬೀದಿಯೇಕೆ? ಚಾಮರಾಜನಗರ ಜಿಲ್ಲೆಯ ಸಂತೆಮರಹಳ್ಳಿ ಕ್ಷೇತ್ರದಲ್ಲಿ 2004ರ ವಿಧಾನಸಭಾ ಚುನಾವಣೆಯಂದು ಎ. ಆರ್. ಕೃಷ್ಣಮೂರ್ತಿಯವರಿಗೆ ಬಂದ ಮತ 40,751, ಗೆದ್ದ ಆರ್. ಧ್ರುವನಾರಾಯಣ ಅವರಿಗೆ ಬಂದದ್ದು 40,752.

ಆ ದಿನ ಸಂತೆಮರಹಳ್ಳಿಯಲ್ಲೂ ಯಾರೋ ಒಬ್ಬರು ಜಗಲಿಯ ಮೇಲೆ ಕುಳಿತು, ತನ್ನೊಬ್ಬನಿಂದ ಏನಾದೀತು ಎಂದುಕೊಂಡಿರಲಾರರೆ?