ಕಳ್ಳರೆಂದು ಬರೆದವರು ಯಾರು?

ರೈತ ಬಂಧುಗಳೇ,

ಸಾಲ ಕಟ್ಟಲಾಗದವನ ಹೆಸರನ್ನು ಸುಸ್ತಿದಾರ ಅಂತ ಗೋಡೆಗೆ ಅಂಟಿಸಿದರೆ ನಿಮ್ಮ ಹೊಟ್ಟೆ ಉರಿಯುತ್ತದೆ. ಬೆಲೆ ಇಳಿಸಿದವನ ಹೆಸರು ಯಾವ ಗೋಡೆಯ ಮೇಲೂ ಇಲ್ಲ. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಊರ ಹೊರಗಿನ ಕೊರಮರ ಗುಡಿಸಲ ಕಡೆ ಬೆರಳು ತೋರಿಸುವಾಗ ಅದೇ ಸಿಟ್ಟು ಎಲ್ಲಿ ಹೋಗುತ್ತದೆ?

ಕೊರಮರು, ಕೊರಚರು ಎತ್ತು ಕತ್ತೆಗಳ ಮೇಲೆ ಉಪ್ಪು ಹೇರಿಕೊಂಡು ಊರೂರು ತಿರುಗಿ, ಉಪ್ಪು ಕೊಟ್ಟು ಕಾಳು ಒಯ್ಯುತ್ತಿದ್ದ ವ್ಯಾಪಾರಿಗಳು. ಬ್ರಿಟಿಷರ ಉಪ್ಪಿನ ನೀತಿಯೂ ರೈಲೂ ಸೇರಿ ಆ ವ್ಯಾಪಾರ ಮುರಿದವು. ಅನ್ನ ಕಿತ್ತುಕೊಂಡ ಸರ್ಕಾರವೇ ಆಮೇಲೆ ಇವರನ್ನು ಕಳ್ಳರು ಅಂದಿತು. 1871ರಲ್ಲಿ ಉತ್ತರದಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರಲ್ಲಿ ದಕ್ಷಿಣಕ್ಕೂ ಹಬ್ಬಿತು. ಸಾಕ್ಷಿ ಬೇಡ, ವಿಚಾರಣೆ ಬೇಡ. ಜಾತಿಯ ಹೆಸರು ಗೆಜೆಟ್‌ನಲ್ಲಿ ಬಂದರೆ ಸಾಕು. ಬೆರಳಚ್ಚು ಕೊಡಬೇಕು, ಹಾಜರಿ ಹಾಕಬೇಕು, ಊರು ಬಿಡಲು ಪಾಸು ಬೇಕು. ಹುಬ್ಬಳ್ಳಿ, ಗದಗ, ಬಿಜಾಪುರಗಳಲ್ಲಿ ಸೆಟ್ಲಮೆಂಟ್ ಮಾಡಿ ಹೆಂಡತಿ ಮಕ್ಕಳ ಸಮೇತ ಕೂಡಿಹಾಕಿದರು.

ಇನ್ನೊಂದು ಮಾತು ಕೇಳಿ. 1871ರ ಆ ಕಾಯ್ದೆ ಇವರ ಮೇಲೆ ಕಣ್ಣಿಟ್ಟು ಪೊಲೀಸರಿಗೆ ಸುದ್ದಿ ಮುಟ್ಟಿಸುವ ಕೆಲಸವನ್ನು ಪಟೇಲ, ತಳವಾರರಿಗಷ್ಟೇ ಅಲ್ಲ, ಇವರು ವಾಸವಿದ್ದ ಜಮೀನಿನ ಒಡೆಯನಿಗೂ ಹೊರಿಸಿತು. ಸಂಬಳವಿಲ್ಲದ ಕಾವಲುಗಾರ! 1952ರಲ್ಲಿ ಕಾಯ್ದೆ ರದ್ದಾಯಿತು. ನಾವು ಮಾತ್ರ ಆ ಕೆಲಸ ಬಿಡಲಿಲ್ಲ.

ನಮ್ಮೂರಲ್ಲಿ ಪಂಪ್‌ಸೆಟ್ ಕೇಬಲ್ ಕಳುವಾದಾಗ ಪೊಲೀಸರು ಕೇಳಿದ್ದು ಒಂದೇ: ಗುಡಿಸಲು ಎಲ್ಲಿವೆ? ನಾವೇ ದಾರಿ ತೋರಿಸಿದೆವು. ಇಬ್ಬರು ಹುಡುಗರು ನಾಲ್ಕು ದಿನ ಏಟು ತಿಂದರು. ಆಮೇಲೆ ಕೇಬಲ್ ಸಿಕ್ಕಿದ್ದು ನಮ್ಮವನೇ ಒಬ್ಬನ ಹುಲ್ಲಿನ ಬಣವೆಯಲ್ಲಿ. ಅವನನ್ನು ಯಾರೂ ಕಳ್ಳ ಜಾತಿ ಅನ್ನಲಿಲ್ಲ. ಸಾಲದ ಕಷ್ಟ, ಪಾಪ ಅಂದರು. ನಾನೂ ಅಂದೆ.

ಸರ್ಕಾರವೂ ಬಿಡಲಿಲ್ಲ. 1961ರಲ್ಲಿ ನಮ್ಮ ರಾಜ್ಯ ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿತು. ಇದರಲ್ಲಿ ಜಾತಿಯ ಮಾತಿಲ್ಲ, ಎಷ್ಟು ಸಲ ಶಿಕ್ಷೆಯಾಯಿತು ಅನ್ನೋದೇ ಲೆಕ್ಕ ಅಂತಾರೆ. ಪ್ರತಿ ಕಳವಿಗೂ ಅದೇ ಗುಡಿಸಲಿನವರನ್ನು ಹಿಡಿದರೆ ಲೆಕ್ಕ ಯಾರ ಹೆಸರಲ್ಲಿ ಬೆಳೆಯುತ್ತದೆ ಸ್ವಾಮಿ? ಜೈಲಿನೊಳಗೂ ಜಾತಿ ನೋಡಿ ಕೆಲಸ ಹಂಚುವ ನಿಯಮಗಳಿದ್ದವು. ಸುಪ್ರೀಂ ಕೋರ್ಟ್ ಅವನ್ನು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು.

ಕಳವಾದರೆ ದೂರು ಕೊಡಿ, ಸಾಕ್ಷಿ ಕೊಡಿ. ಜಾತಿ ತೋರಿಸಬೇಡಿ. ರಾತ್ರಿ ಗುಡಿಸಲ ಮುಂದೆ ಜೀಪು ನಿಂತರೆ ನಾಲ್ಕು ಜನ ಎದ್ದು ಹೋಗಿ ಕೇಳಿ: ಯಾವ ಸಾಕ್ಷಿಯ ಮೇಲೆ ಹಿಡೀತೀರಿ? ಜಪ್ತಿಗೆ ಬಂದವರನ್ನು ಹಾಗೆ ಕೇಳಿದವರು ನಾವು. ಇಲ್ಲಿ ಬಾಯಿ ಕಟ್ಟಿಕೊಂಡರೆ, ನಾವು ಕೇಳುವ ನ್ಯಾಯ ನಮ್ಮ ಹೊಲದ ಬದು ದಾಟಲಿಲ್ಲ ಅಂತಲೇ ಅರ್ಥ.