ಪ್ಯಾನೆಲ್ ಹೊಸದು, ಕಾರು ಹೊಸದು, ಗೋಡೆಯೊಳಗಿನ ವೈರ್?

ಇವಿ ಬಗ್ಗೆ ಮಾತಾಡೋಕೆ ನಮ್ಮ ಕ್ಯಾಂಪಸ್‌ನಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ರೇಂಜ್ ಎಷ್ಟು, ಬ್ಯಾಟರಿ ಯಾವುದು, ಪಿಕಪ್ ಹೇಗೆ ಅಂತ ಕ್ಯಾಂಟೀನ್‌ನಲ್ಲಿ ಟೀ ಆರಿಹೋಗುವವರೆಗೂ ವಾದ ನಡೆಯುತ್ತೆ. ಸೋಲಾರ್ ಬಗ್ಗೆ ಪ್ರತಿ ಸೆಮಿಸ್ಟರ್ ಒಂದಾದರೂ ಸೆಮಿನಾರ್ ಇದ್ದೇ ಇರುತ್ತೆ. ಆದರೆ "ನಿಮ್ಮನೆ ಚಾರ್ಜರ್ ಸಿಕ್ಕಿಸೋ ಪ್ಲಗ್ ಪಾಯಿಂಟ್ ಹಿಂದೆ ಎಷ್ಟು ದಪ್ಪದ ವೈರ್ ಇದೆ?" ಅಂತ ಕೇಳಿ ನೋಡಿ. ಎಲ್ಲರೂ ಮೊಬೈಲ್ ನೋಡೋಕೆ ಶುರು ಮಾಡ್ತಾರೆ.

ನನ್ನ ವಾದ ಇಷ್ಟೇ. ಮನೆಗೆ ಸೋಲಾರ್ ಹಾಕಿಸುವ, ಇವಿ ತರುವ ಮುಂಚೆ ಹಳೇ ವೈರಿಂಗ್ ಚೆಕ್ ಮಾಡಿಸುವುದು ಕಡ್ಡಾಯ ಆಗಬೇಕು. ಈಗ ಅದು ಮನೆಯವರ ಅದೃಷ್ಟಕ್ಕೆ, ಎಲೆಕ್ಟ್ರಿಷಿಯನ್ ಒಳ್ಳೇತನಕ್ಕೆ ಬಿಟ್ಟಿರುವ ವಿಷಯ ಆಗಿಬಿಟ್ಟಿದೆ.

2017ರಲ್ಲಿ ದೇಶದಲ್ಲೇ ಮೊದಲು ಇವಿ ಪಾಲಿಸಿ ತಂದಿದ್ದು ನಮ್ಮ ಕರ್ನಾಟಕ. 2024ರಲ್ಲಿ ಬಂದ ಪಿಎಂ ಸೂರ್ಯಘರ್ ಯೋಜನೆಯ ಗುರಿ 1 ಕೋಟಿ ಮನೆಗಳು. 3 ಕಿಲೋವ್ಯಾಟ್ ಪ್ಯಾನೆಲ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ ಸಿಗುತ್ತೆ. ಒಳ್ಳೇದೇ. ಆದರೆ ಈ ಲೆಕ್ಕ ನಡೆಯುವುದು ಕಿಲೋವ್ಯಾಟ್ ಮೇಲೆ. ಗೋಡೆಯೊಳಗೆ ಇಪ್ಪತ್ತು, ಮೂವತ್ತು ವರ್ಷದಿಂದ ಕೂತಿರೋ ವೈರ್ ಈ ಲೆಕ್ಕದಲ್ಲಿ ಎಲ್ಲೂ ಬರಲ್ಲ.

"ಗೀಸರ್ ಓಡುತ್ತಲ್ಲ, ಕಾರ್ ಯಾಕೆ ಚಾರ್ಜ್ ಆಗಬಾರದು?" ಅಂತ ಕೇಳೋರು ತುಂಬಾ ಜನ. ವ್ಯತ್ಯಾಸ ಇರೋದು ಸಮಯದಲ್ಲಿ. ಗೀಸರ್ ಹದಿನೈದು, ಇಪ್ಪತ್ತು ನಿಮಿಷ ಓಡಿ ಆಫ್ ಆಗುತ್ತೆ. ಕಾರಿನ ಸ್ಲೋ ಚಾರ್ಜರ್ 3.3 ಕಿಲೋವ್ಯಾಟ್, ಅಂದ್ರೆ 230 ವೋಲ್ಟ್‌ಗೆ ಸುಮಾರು 14.3 ಆಂಪಿಯರ್. ಅದನ್ನ ರಾತ್ರಿಯಿಡೀ, ಎಂಟು ಗಂಟೆ ಬಿಡದೆ ಎಳೆಯುತ್ತೆ.

ಈಗ ಸಾಕೆಟ್ ಹಿಂದೆ ಒಂದು ಸ್ಕ್ರೂ ಸ್ವಲ್ಪ ಲೂಸ್ ಆಗಿದೆ ಅಂದ್ಕೊಳ್ಳಿ. ಅಲ್ಲಿನ ರೆಸಿಸ್ಟೆನ್ಸ್ ಬರೀ 0.1 ಓಮ್. ಐ ಸ್ಕ್ವೇರ್ ಆರ್ ಹಾಕಿ. 750 ವ್ಯಾಟ್ ಮಿಕ್ಸಿಗೆ ಅಲ್ಲಿ ಹುಟ್ಟೋ ಶಾಖ ಸುಮಾರು 1 ವ್ಯಾಟ್. ಚಟ್ನಿ ರುಬ್ಬಿ ಮುಗಿಯೋದರೊಳಗೆ ಏನೂ ಆಗಲ್ಲ. ಕಾರಿಗೆ? ಸುಮಾರು 20 ವ್ಯಾಟ್. ನಮ್ಮ ಲ್ಯಾಬಿನ ಸಣ್ಣ ಸೋಲ್ಡರಿಂಗ್ ಐರನ್ ಹೆಚ್ಚುಕಮ್ಮಿ ಅಷ್ಟೇ. ಅಂದ್ರೆ ಪ್ಲಾಸ್ಟಿಕ್ ಸ್ವಿಚ್ ಬೋರ್ಡ್ ಒಳಗೆ ಒಂದು ಸೋಲ್ಡರಿಂಗ್ ಐರನ್ ಇಟ್ಟು, ಆನ್ ಮಾಡಿ, ಮನೆಯವರೆಲ್ಲ ಮಲಗಿದ ಹಾಗೆ. ಬಿಸಿಯಾದಷ್ಟೂ ಜಾಯಿಂಟ್ ಇನ್ನೂ ಹಾಳಾಗುತ್ತೆ, ರೆಸಿಸ್ಟೆನ್ಸ್ ಇನ್ನೂ ಏರುತ್ತೆ.

"ಎಂಸಿಬಿ ಇದೆಯಲ್ಲ, ಟ್ರಿಪ್ ಆಗುತ್ತೆ ಬಿಡು" ಅನ್ನೋದು ಮುಂದಿನ ಮಾತು. ಆಗಲ್ಲ. ಲೂಸ್ ಸ್ಕ್ರೂ ಇದ್ದರೂ ಕರೆಂಟ್ ಅದೇ 14.3 ಆಂಪಿಯರ್. 16 ಆಂಪಿಯರ್ ಎಂಸಿಬಿಗೆ ಅದು ನಾರ್ಮಲ್. ಸಾಕೆಟ್ ಕರಗುತ್ತಾ ಇದ್ದರೂ ಅದಕ್ಕೆ ಗೊತ್ತಾಗಲ್ಲ. ಅದೇ ರೀತಿ ಒಬ್ಬ ಮನುಷ್ಯನ ಮೈಮೇಲೆ 100 ಮಿಲಿಆಂಪಿಯರ್ ಹರಿದರೂ ಎಂಸಿಬಿಗೆ ಗೊತ್ತಾಗಲ್ಲ. ಅದಕ್ಕೆ 30 ಮಿಲಿಆಂಪಿಯರ್ ಲೀಕೇಜಿಗೆ ಟ್ರಿಪ್ ಆಗೋ ಆರ್‌ಸಿಸಿಬಿ ಬೇಕು. ಎಂಸಿಬಿ ಕಾಯೋದು ವೈರನ್ನ, ಆರ್‌ಸಿಸಿಬಿ ಕಾಯೋದು ಜನರನ್ನ.

ಆರ್‌ಸಿಸಿಬಿ ಇರೋ ಮನೆಗಳಲ್ಲೂ ಒಂದು ಕಥೆ ಇದೆ. ಮಳೆಗಾಲದಲ್ಲಿ ಅದು ಪದೇಪದೇ ಟ್ರಿಪ್ ಆಗುತ್ತೆ. "ಅಣ್ಣಾ, ಏನಾದ್ರೂ ಮಾಡಿ" ಅಂತ ಕರೆದರೆ ಕೆಲವರು ಲೀಕೇಜ್ ಎಲ್ಲಿದೆ ಅಂತ ಹುಡುಕೋ ಬದಲು ಅದನ್ನೇ ಬೈಪಾಸ್ ಮಾಡಿ ಹೋಗ್ತಾರೆ. ಮನೆಯವರಿಗೂ ಖುಷಿ, ಕರೆಂಟ್ ಹೋಗ್ತಿಲ್ಲವಲ್ಲ! ಇವಿ ಬಂದ ಮೇಲೆ ಇನ್ನೊಂದು ಸೂಕ್ಷ್ಮ ಇದೆ. ಹಳೇ ಟೈಪ್ ಎಸಿ ಆರ್‌ಸಿಸಿಬಿಗೆ ಎಸಿ ಲೀಕೇಜ್ ಮಾತ್ರ ಕಾಣುತ್ತೆ. ಚಾರ್ಜರ್ ಒಳಗಿನ ರೆಕ್ಟಿಫೈಯರ್ ಕಡೆಯಿಂದ ಡಿಸಿ ಲೀಕ್ ಆದರೆ ಅದರ ಕೋರ್ ಸ್ಯಾಚುರೇಟ್ ಆಗಿ, ಎಸಿ ಲೀಕೇಜ್ ಕೂಡ ಕಾಣದೇ ಹೋಗಬಹುದು. ಅದಕ್ಕೇ ಇವಿಗೆ ಟೈಪ್ ಬಿ, ಅಥವಾ 6 ಮಿಲಿಆಂಪಿಯರ್ ಡಿಸಿ ಲೀಕೇಜ್ ಪತ್ತೆ ಮಾಡೋ ಚಾರ್ಜರ್ ಜೊತೆ ಟೈಪ್ ಎ ಬೇಕು.

ಸೋಲಾರ್ ಕಡೆ ಬರೋಣ. ಮನೆಯ ಎಸಿ ಸೆಕೆಂಡಿಗೆ 100 ಸಲ ಸೊನ್ನೆ ದಾಟುತ್ತೆ, ಹಾಗಾಗಿ ಸ್ವಿಚ್‌ನಲ್ಲಿ ಹುಟ್ಟೋ ಕಿಡಿ ಬೇಗ ಆರುತ್ತೆ. ಪ್ಯಾನೆಲ್‌ನಿಂದ ಬರೋ ಡಿಸಿಗೆ ಸೊನ್ನೆಯೇ ಇಲ್ಲ. ಆರೇಳು ಪ್ಯಾನೆಲ್ ಸೀರೀಸ್‌ನಲ್ಲಿ ಹಾಕಿದರೆ 300 ವೋಲ್ಟ್ ಆಸುಪಾಸು. ಅಲ್ಲಿ ಒಂದು ಕನೆಕ್ಟರ್ ಸರಿಯಾಗಿ ಕೂರದಿದ್ದರೆ ಆರ್ಕ್ ಶುರುವಾಗಿ ನಿಲ್ಲದೇ ಉರಿಯಬಹುದು. ಅಲ್ಲಿಗೆ ಮಾಮೂಲಿ ಎಸಿ ಎಂಸಿಬಿ ಹಾಕೋದು ತಪ್ಪು, ಡಿಸಿಗೆ ಅಂತಲೇ ಮಾಡಿದ್ದು ಹಾಕಬೇಕು. ಮೇನ್ ಸ್ವಿಚ್ ಆಫ್ ಮಾಡಿದರೂ ಬಿಸಿಲಿರೋವರೆಗೂ ಪ್ಯಾನೆಲ್ ವೈರ್ ಲೈವ್ ಆಗೇ ಇರುತ್ತೆ ಅನ್ನೋದು ಟೆರೇಸ್‌ನಲ್ಲಿ ಹಪ್ಪಳ ಒಣಗಿಸೋ ಅಜ್ಜಿಗೂ ಗೊತ್ತಿರಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣಲ್ಲ. ಖರ್ಚು ಉಳಿಸೋಕೆ ಯಾರೋ ಇನ್ವರ್ಟರ್ ಔಟ್‌ಪುಟ್‌ನ ಹತ್ತಿರದ ಪವರ್ ಪಾಯಿಂಟ್ ಲೈನಿಗೇ ಸೇರಿಸಿಬಿಡ್ತಾರೆ. ಆ ಲೈನಿಗೆ ಈಗ ಎರಡೂ ಕಡೆಯಿಂದ ಕರೆಂಟ್ ಬರುತ್ತೆ: ಎಂಸಿಬಿ ಕಡೆಯಿಂದ 16, ಸೋಲಾರ್ ಕಡೆಯಿಂದ 13. ಲೋಡ್ ಇದ್ದರೆ ವೈರಿನ ಒಂದು ಭಾಗದಲ್ಲಿ 29 ಆಂಪಿಯರ್ ಹರಿಯಬಹುದು, ಎಂಸಿಬಿಗೆ ಕಾಣೋದು 16 ಮಾತ್ರ. ಕಿರ್ಚಾಫ್ ಕರೆಂಟ್ ಲಾ ಅಷ್ಟೇ, ನಾವೆಲ್ಲ ಬರೆದು ಪಾಸಾಗಿದ್ದು. ಇನ್ವರ್ಟರ್‌ಗೆ ಡಿಬಿಯಿಂದ ಪ್ರತ್ಯೇಕ ಲೈನ್, ಪ್ರತ್ಯೇಕ ಬ್ರೇಕರ್ ಇರಲೇಬೇಕು.

"ಹೀಗೆ ಹೆದರಿಸಿದರೆ ಯಾರು ಇವಿ ತಗೋತಾರೆ?" ಅಂತ ನನ್ನ ಫ್ರೆಂಡ್ಸ್ ಕೇಳ್ತಾರೆ. ಪೆಟ್ರೋಲ್ ಗಾಡಿಯಲ್ಲೂ ಅಪಾಯ ಇದೆ, ಆದರೆ ಪೆಟ್ರೋಲನ್ನ ಯಾರೂ ಬಕೆಟ್‌ನಲ್ಲಿ ಮನೆಗೆ ತಂದು ತುಂಬಿಸಲ್ಲ. ಬಂಕ್ ಅಂತ ಒಂದು ವ್ಯವಸ್ಥೆ ಇದೆ. ಇವಿಗೆ ನಮ್ಮ ಮನೆಯೇ ಬಂಕ್. ಖರ್ಚಿನ ಮಾತಿಗೆ ಬಂದರೆ, ಲಕ್ಷಗಟ್ಟಲೆ ಕೊಟ್ಟು ಕಾರು ತಗೊಂಡವರಿಗೆ ಒಂದು ಪ್ರತ್ಯೇಕ ಲೈನ್, ಒಳ್ಳೇ ಅರ್ಥಿಂಗ್, ಸರಿಯಾದ ಆರ್‌ಸಿಸಿಬಿ ಭಾರ ಅಲ್ಲ. ಬಾಡಿಗೆ ಮನೆಯವರಿಗೆ, ಸೆಕೆಂಡ್ ಹ್ಯಾಂಡ್ ಸ್ಕೂಟರ್ ತಗೊಂಡವರಿಗೆ ಭಾರ ಆಗಬಹುದು, ಒಪ್ಪುತ್ತೀನಿ. ಅದಕ್ಕೇ ಸಬ್ಸಿಡಿಯಲ್ಲಿ ಒಂದು ಪಾಲು ವೈರಿಂಗ್ ಚೆಕ್‌ಗೆ ಮೀಸಲಿರಲಿ ಅಂತ ನಾನು ಹೇಳೋದು. ಲೈಸೆನ್ಸ್ ಇರೋ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಬಂದು ಅರ್ಥ್ ರೆಸಿಸ್ಟೆನ್ಸ್, ಇನ್ಸುಲೇಷನ್ ರೆಸಿಸ್ಟೆನ್ಸ್ ಅಳೆದು, ಆ ರೀಡಿಂಗನ್ನ ಕನ್ನಡದಲ್ಲಿ ಬರೆದು ಸೈನ್ ಮಾಡಿ ಮನೆಯವರ ಕೈಗೆ ಕೊಡಲಿ.

ಈಗ ನಮ್ಮ ವಿಷಯ. ಪಿಜಿಗಳಲ್ಲಿ ಕಿಟಕಿಯಿಂದ ಇಳಿದ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಮೂರು ಸ್ಕೂಟರ್ ಹಾಕೋದನ್ನ ಎಲ್ಲರೂ ನೋಡಿದ್ದೀವಿ. ಒಂದೊಂದು 750 ವ್ಯಾಟ್ ಅಂದ್ರೂ ಒಟ್ಟು ಸುಮಾರು 10 ಆಂಪಿಯರ್, ಬಾಕ್ಸ್ ಇರೋದು 6 ಆಂಪಿಯರ್‌ದು. ಓನರ್ ಅಂಕಲ್ "ಇಷ್ಟು ದಿನ ಏನೂ ಆಗಿಲ್ವಲ್ಲಪ್ಪ" ಅಂತಾರೆ. ಮೂರು ಜನ ಒಟ್ಟಿಗೆ ಹೋಗಿ, ಪಾರ್ಕಿಂಗ್‌ನಲ್ಲಿ ಎಂಸಿಬಿ, ಆರ್‌ಸಿಸಿಬಿ ಸಮೇತ 16 ಆಂಪಿಯರ್ ಪಾಯಿಂಟ್ ಹಾಕಿಸಿಕೊಡಿ, ಕರೆಂಟ್ ದುಡ್ಡು ನಾವು ಕೊಡ್ತೀವಿ ಅಂತ ಕೇಳೋಣ.

ಊರಿಗೆ ಹೋದಾಗ ಟೂಲ್ಸ್ ಇಲ್ಲದೇ ಮಾಡಬಹುದಾದ ಮೂರು ಕೆಲಸ ಇವೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ, ಟ್ರಿಪ್ ಆಗದಿದ್ದರೆ ಎಲೆಕ್ಟ್ರಿಷಿಯನ್‌ನ ಕರೆಸಿ. ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ ಹತ್ತಿರ ಕೈ ಇಡಿ, ಸುಡುವಷ್ಟು ಬಿಸಿ ಇದ್ದರೆ ಅಥವಾ ಸಾಕೆಟ್ ಕಂದು ಬಣ್ಣಕ್ಕೆ ತಿರುಗಿದ್ದರೆ ಆ ಪಾಯಿಂಟ್ ಬಳಸಬೇಡಿ. ಕರೆಂಟ್ ಬಿಲ್‌ನಲ್ಲಿ ಸ್ಯಾಂಕ್ಷನ್ಡ್ ಲೋಡ್ ನೋಡಿ, 3 ಕಿಲೋವ್ಯಾಟ್ ಮನೆಗೆ 3.3 ಕಿಲೋವ್ಯಾಟ್ ಕಾರು ತರೋ ಮುಂಚೆ ಲೋಡ್ ಹೆಚ್ಚಿಸೋಕೆ ಅರ್ಜಿ ಹಾಕಿಸಿ. ಡಿಬಿ ಮಾತ್ರ ನೀವೇ ಬಿಚ್ಚಬೇಡಿ.

ಕನ್ನಡ ಸಂಘಕ್ಕೂ ಒಂದು ಬೇಡಿಕೆ ಇದೆ. ಚಾರ್ಜರ್ ಮ್ಯಾನುಯಲ್ ಬರೋದು ಇಂಗ್ಲಿಷ್‌ನಲ್ಲಿ, ವೈರ್ ಎಳೆಯೋ ಅಣ್ಣ ಕೆಲಸ ಕಲಿತಿದ್ದು ಕನ್ನಡದಲ್ಲಿ. ನಡುವೆ ಒಂದು ಪುಟದ ಕನ್ನಡ ಚೆಕ್‌ಲಿಸ್ಟ್ ಬೇಕು. ಎಲೆಕ್ಟ್ರಿಕಲ್ ಬ್ರಾಂಚಿನವರು, ಲೈಸೆನ್ಸ್ ಇರೋ ಒಬ್ಬ ಎಲೆಕ್ಟ್ರಿಷಿಯನ್, ನಾವು ನಾಲ್ಕು ಜನ ಒಂದು ಶನಿವಾರ ಕೂತರೆ ಆಗುತ್ತೆ. ಬರೆಯೋಕೆ ನಾನು ರೆಡಿ. ಇನ್ನು ಯಾರು ಯಾರು ಬರ್ತೀರಾ ಹೇಳಿ.