‘ಇಂದಿರಾಬಾಯಿ’ಯನ್ನು ಓದಿದ ಮೇಲೆ



ಮುಧೋಳದ ಮಿತ್ರರೊಬ್ಬರು ಕಳೆದ ತಿಂಗಳು ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯನ್ನು ನನಗೆ ಓದಲು ಕೊಟ್ಟರು. ೧೮೯೯ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಈ ಗ್ರಂಥವು ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂದು ಎಣಿಸಲ್ಪಟ್ಟಿರುವದು. ಕರ್ತೃಗಳು ಪೋಲೀಸ್ ಖಾತೆಯಲ್ಲಿದ್ದವರು. ಕಳ್ಳರನ್ನು ಗುರುತಿಸುವ ಕಣ್ಣಿನಿಂದಲೇ ದೇವರ ಮನೆಯೊಳಗೂ ಇಣಿಕಿರುವರು.

ಹಣವಂತನಾದ ಭೀಮರಾಯನೂ ಅವನ ಹೆಂಡತಿ ಅಂಬಾಬಾಯಿಯೂ, ಎಳೆಯ ವಯಸ್ಸಿನಲ್ಲಿ ವಿಧವೆಯಾದ ಮಗಳು ಇಂದಿರೆಯನ್ನು ಪುಣ್ಯಸಂಪಾದನೆಗೆಂದು ‘ಸಂತ’ರೆಂಬ ಡಾಂಭಿಕರ ಸಹವಾಸಕ್ಕೆ ನೂಕುವರು. ಹುಡುಗಿಯು ತಪ್ಪಿಸಿಕೊಂಡು ಅಮೃತರಾಯರ ಮನೆಯನ್ನು ಸೇರಿ, ವಿದ್ಯೆ ಕಲಿತು, ಮರುವಿವಾಹವಾಗುವಳು. ಇಂಥ ಪುಸ್ತಕಕ್ಕೆ ‘ಸದ್ಧರ್ಮ ವಿಜಯವು’ ಎಂದು ಎರಡನೆಯ ಹೆಸರು!

ಕಪಟವೇಷವನ್ನು ಕಂಡು ನಗುವದು ನಮಗೆ ಹೊಸದಲ್ಲ. ಏಳನೆಯ ಶತಮಾನದ ಪಲ್ಲವ ಮಹೇಂದ್ರವರ್ಮನ ‘ಮತ್ತವಿಲಾಸ’ ಪ್ರಹಸನದಲ್ಲಿ ಕುಡುಕ ಕಾಪಾಲಿಕನು ತನ್ನ ಕಪಾಲವನ್ನು ಕಳೆದುಕೊಂಡು ಬೌದ್ಧ ಭಿಕ್ಷುವಿನ ಮೇಲೆ ಕಳವು ಹೊರಿಸುವನು. ಒಯ್ದದ್ದು ನೋಡಿದರೆ ನಾಯಿ. ತರಗತಿಯಲ್ಲಿ ಇದನ್ನು ಹೇಳಿದಾಗ ಹುಡುಗರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕಪಾಲವು ಸಿಕ್ಕಿತು, ಕತೆಯು ಮುಗಿಯಿತು. ವೆಂಕಟರಾಯರ ನಗೆಯು ಅಷ್ಟು ಸುಲಭವಾಗಿ ಬಿಡುವದಿಲ್ಲ. ಸಂತರನ್ನು ಕಂಡು ನಕ್ಕ ಮರುಗಳಿಗೆಯಲ್ಲಿಯೇ, ಈ ವೇಷಗಳಿಗೆ ಅನ್ನವಿಕ್ಕಿ ಸಾಕಿದವರು ಯಾರೆಂಬ ಪ್ರಶ್ನೆಯು ಏಳುವದು. ಅಂಬಾಬಾಯಿಯು ರಾಕ್ಷಸಿಯಲ್ಲ, ಪೂಜೆ, ವ್ರತಗಳುಳ್ಳ ಗೃಹಿಣಿ. ನನಗೆ ಭಯವಾದದ್ದು ಅಲ್ಲಿಯೇ.

ಜಮಖಂಡಿಯ ನಮ್ಮ ಮನೆಯಲ್ಲಿ ತಂದೆಯವರ ಸೋದರತ್ತೆಯೊಬ್ಬರಿದ್ದರು. ಹತ್ತನೆಯ ವಯಸ್ಸಿಗೆ ವಿಧವೆಯಾದವರು. ಬೋಳು ತಲೆ, ಕೆಂಪು ಸೀರೆ. ಬನಹಟ್ಟಿಯ ಮಗ್ಗದ ದಡಿ ಸೀರೆಗಳು ಹಬ್ಬಕ್ಕೆ ಮನೆಗೆ ಬಂದರೆ, ಅವನ್ನು ಮಡಿಚಿಡುವದಷ್ಟೇ ಅವರ ಪಾಲು. ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ಸಂಜೆ ಪಾಟಿಯ ಬಳಿ ಬಂದು, “ತಮ್ಮಾ, ನನ್ನ ಹೆಸರು ಹ್ಯಾಂಗ ಬರೀತಾರ, ತೋರಸು” ಎಂದರು.

“ನಿನಗ್ಯಾಕ ಈಗ ಸಾಲಿ, ಅಜ್ಜಿ?” ಎಂದು ನಾನು ನಕ್ಕೆನು. ಮನೆಯವರೆಲ್ಲರೂ ನಕ್ಕರು. ಅಜ್ಜಿಯೂ ನಕ್ಕು ಒಳಗೆ ಹೋದರು. ಮತ್ತೆ ಕೇಳಲಿಲ್ಲ.

ಇಂದಿರೆಗೆ ಬಾಗಿಲು ತೆರೆಯಲು ಅಮೃತರಾಯರಾದರೂ ಇದ್ದರು. ನಮ್ಮಲ್ಲಿ ಯಾವ ಕಪಟ ಸಂತನೂ ಇರಲಿಲ್ಲ. ಬರಿಯ ಸಜ್ಜನರ ಮನೆ. ನಾನು ಮಾಸ್ತರನಾದ ಎರಡನೆಯ ವರ್ಷ ಅಜ್ಜಿಯು ತೀರಿಕೊಂಡರು. ಅಲ್ಲಿಯವರೆಗೂ ಮನೆಯ ಕಾಗದಪತ್ರಗಳ ಮೇಲೆ ಅವರ ಹೆಬ್ಬೆಟ್ಟಿನ ಗುರುತೇ ಬೀಳುತ್ತಿತ್ತು. ಮಸಿಯ ಪ್ಯಾಡನ್ನು ಅವರ ಮುಂದೆ ಹಿಡಿಯುತ್ತಿದ್ದವನು ನಾನು.